ಅಪ್ಪನ ಫ್ಯಾಕ್ಸ್ ಮಶೀನ, ಕಾಕಾನ ಕಾಗದ

ಮೊನ್ನೆ ದೀಪಾವಳಿಗೆ ಅಟ್ಟಾ ಸ್ವಚ್ಛ ಮಾಡ್ಲಿಕ್ಕೆ ಹತ್ತಿದಾಗ ನನ್ನ ಹೆಂಡ್ತಿ ಹಳೇ ಚಾದರದಾಗ ಸುತ್ತಿಟ್ಟಿದ್ದ ಒಂದ ಗಂಟ ಕೆಳಗ ಇಳಿಸಿ “ಏನ್ರೀ ಇದು, ಫೋನೋ, ತೂಕದ ಮಶೀನೋ? ಮೋಡಕಾದಂವಾ ಹೊರಗ ಒದರ್ಲಿಕ್ಕೆ ಹತ್ಯಾನ, ಕೊಟ್ಟಬಿಡ್ಲೇನ?” ಅಂದ್ಲು. ಬಿಚ್ಚಿ ನೋಡಿದ್ರ ನಮ್ಮಪ್ಪನ ಫ್ಯಾಕ್ಸ್ ಮಶೀನ! ಒಂದ ಕಾಲಕ್ಕ ಬೆಳ್ಳಗ ಇದ್ದದ್ದು ಈಗ ಚಾ ಕುಡದ ಕುಡದ ಹಳದಿ ಆದ ಹಲ್ಲಿನ ಬಣ್ಣಕ್ಕ ಬಂದಿತ್ತು. ನನ್ನ ಮಗಾ ಅದನ್ನ ಹಿಂದ ಮುಂದ ತಿರಗಿಸಿ ನೋಡಿ “ಪಪ್ಪಾ, ಫೋಟೋ ತಗದ ವಾಟ್ಸಾಪ್ ಮಾಡೋದ ಬಿಟ್ಟ ಇಷ್ಟ ದೊಡ್ಡ ಡಬ್ಬಿ ಯಾಕ ತಗೊಂಡಿದ್ರಿ?” ಅಂತ ಕೇಳಿದಾ. 

ನಾ ಮೋಡಕಾದಂವಗ “ಮುಂದಿನ ವಾರ ಬಾರಪಾ” ಅಂತ ಹೇಳಿ ಕಳಿಸಿದೆ. ಯಾಕಂದ್ರ ಆ ಡಬ್ಬಿ ತರ್ಲಿಕ್ಕೆ ನಮ್ಮವ್ವನ ಎರಡ ಪಾಟ್ಲಿ ಅಡಾ ಇಟ್ಟಿದ್ವಿ. ಅಷ್ಟ ಅಲ್ಲಾ, ನಮ್ಮ ಊರ ಮನಿ ಇವತ್ತ ನಮ್ಮ ಹೆಸರಿಲೆ ಉಳದಿದ್ದರ ಹಿಂದನೂ, ಆಲ್ಮೋಸ್ಟ ಹೋಗೋ ಹಂಗ ಆಗಿದ್ದರ ಹಿಂದನೂ ಇದ ಮಶೀನ ಅದ. ಹಿಂಗಾಗಿ ಇವತ್ತ ಅದರ ಕಥಿ.

ನಮ್ಮಪ್ಪಂದು ಹುಬ್ಬಳ್ಳ್ಯಾಗ ಒಂದ ಎಸ್.ಟಿ.ಡಿ. ಬೂತ್ ಇತ್ತು. ಹಳದಿ ಬೋರ್ಡ, ಕರೀ ಅಕ್ಷರ, ಒಂದ ಗ್ಲಾಸಿನ ಕ್ಯಾಬಿನ್, ಒಳಗ ಕೆಂಪ ಅಂಕಿ ಓಡೋ ಮೀಟರು. ಈಗಿನ ಹುಡುಗರಿಗೆ ಇದನ್ನೂ ಬಿಡಿಸಿ ಹೇಳಬೇಕಾಗ್ತದ. 1984ರಾಗ ದಿಲ್ಲ್ಯಾಗ ಸಿ-ಡಾಟ್ ಅನ್ನೋ ಸರಕಾರಿ ಸಂಸ್ಥೆ ಶುರು ಆತು, ಅದರ ಹಿಂದ ಸ್ಯಾಮ್ ಪಿತ್ರೋಡಾ ಇದ್ರು. ನಮ್ಮ ದೇಶದ ಬಿಸಲು, ಧೂಳು ತಡಕೊಳ್ಳೋವಂಥಾ, ಏಸಿ ಇಲ್ಲದ ನಡಿಯೋವಂಥಾ ಸಣ್ಣ ಟೆಲಿಫೋನ್ ಎಕ್ಸಚೇಂಜ್ ಮಾಡೋದು ಅವರ ಕೆಲಸಾ. ಹಂಗ ತಯಾರಾದ ಹಳ್ಳಿ ಎಕ್ಸಚೇಂಜನ್ನ 1986ರಾಗ ಹಾಕಿದ್ದು ಎಲ್ಲೆ ಅಂತೀರಿ? ನಮ್ಮ ಕಿತ್ತೂರಾಗ! ಚನ್ನಮ್ಮನ ಕಿತ್ತೂರು, ಧಾರವಾಡದಿಂದ ಬೆಳಗಾವಿ ರಸ್ತೆ ಹಿಡದ್ರ ಒಂದ ತಾಸ ಸಹಿತ ಬೇಕಾಗಂಗಿಲ್ಲಾ. ಆಮ್ಯಾಲೆ ಓಣಿಗೊಂದ ಎಸ್.ಟಿ.ಡಿ. ಬೂತ್ ಬಂದ್ವು. ಅದರಾಗ ಒಂದ ನಮ್ಮಪ್ಪಂದು.

1996ರ ಹೊತ್ತಿಗೆ ಬೂತಿಗೆ ಬರೋ ಗಿರಾಕಿ ಫೋನ್ ಮಾಡೋಕಿಂತ ಮದಲ ಒಂದ ಪ್ರಶ್ನೆ ಕೇಳ್ಲಿಕ್ಕೆ ಶುರು ಮಾಡಿದ್ರು: “ಫ್ಯಾಕ್ಸ್ ಅದ ಏನ್ರೀ?” ವಕೀಲರು ಬರ್ತಿದ್ರು, ಬೆಂಗಳೂರಿನ ಹೈಕೋರ್ಟಿನ ಕಾಗದ ಬೇಕಾಗಿರ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದವರು ಬರ್ತಿದ್ರು, ಮುಂಬೈ ಪಾರ್ಟಿಗೆ ಬಿಲ್ ಕಳಸೋದಿರ್ತಿತ್ತು. ಎಲ್ಲಾರಕಿಂತಾ ಹೆಚ್ಚ ಹೆಣ್ಣ ಹೆತ್ತವರು. ಮಗಳ ಕುಂಡಲಿ ಹಿಡಕೊಂಡ ಬಂದ “ಪುಣಾದಾಗಿನ ವರಾ ಅದ, ಇವತ್ತ ಕಳಿಸಿದ್ರ ನಾಳೆ ಉತ್ತರ ಬರ್ತದ” ಅಂತಿದ್ರು. ನಮ್ಮಪ್ಪ “ಇಲ್ಲರಿ” ಅಂದಕೂಡ್ಲೆ ಅವರು ಮುಂದಿನ ಬೂತಿಗೆ ಹೋಗಿ ಫ್ಯಾಕ್ಸ್ ಮಾಡಿ, ಫೋನೂ ಅಲ್ಲೇ ಮಾಡಿ ಹೋಗ್ತಿದ್ರು. ಅಂದ್ರ ಫ್ಯಾಕ್ಸ್ ಇಲ್ಲದ್ದಕ್ಕ ಇದ್ದ ಧಂಧಾನೂ ಹೊಂಟಿತ್ತು.

ರೊಕ್ಕದ ಮಾತು ಬಂತು. ಮನ್ಯಾಗ ಅಷ್ಟ ಒಮ್ಮೆ ಇರ್ಲಿಲ್ಲಾ. ನಮ್ಮವ್ವ ಎರಡ ದಿವಸ ಏನೂ ಮಾತಾಡ್ಲಿಲ್ಲಾ. ಮೂರನೇ ದಿನಾ ಮುಂಜಾನೆ ಚಾ ಕೊಡೋದರ ಜೊತಿ ಕೈಯಾನ ಪಾಟ್ಲಿ ತಗದ ಟೇಬಲ್ ಮ್ಯಾಲಿಟ್ಟು “ಅಡಾ ಇಡ್ರಿ, ಮಾರಬ್ಯಾಡ್ರಿ. ಮತ್ತ ಅಂಗಡ್ಯಾಂವಾ ಹೇಳಿದ್ದ ಖರೇ ಅಂತ ತಿಳಕೊಂಡ ಬರಬ್ಯಾಡ್ರಿ, ತಮ್ಮನ್ನ ಕರಕೊಂಡ ಹೋಗ್ರಿ” ಅಂದ್ಲು. ತಮ್ಮಾ ಅಂದ್ರ ನಮ್ಮ ಕಾಕಾ. ಅಂವಾ ಪುಣಾದಾಗ ಒಂದ ಫ್ಯಾಕ್ಟರಿ ಆಫೀಸಿನಾಗ ಕಾರಕೂನ ಇದ್ದಾ, ದಿನಾ ಫ್ಯಾಕ್ಸ್ ಕಳಿಸೋದ ಅಂವನ ಕೆಲಸಾ. ಕಾಗದಾ ಬರದ ಕೂಡ್ಲೇ ಶನಿವಾರ ರಾತ್ರಿ ಬಸ್ ಹತ್ತಿ ಬಂದಾ. ಬರೋದಷ್ಟ ಅಲ್ಲಾ, ಐದ ಸಾವಿರ ರೂಪಾಯಿ ಅಣ್ಣನ ಕೈಯಾಗ ಇಟ್ಟಾ. ಪಾಟ್ಲಿದು ಇವತ್ತಿಗೂ ಎಲ್ಲಾರಿಗೂ ನೆನಪದ, ಆ ಐದ ಸಾವಿರದ್ದ ಮಾತ್ರ ನಾವು ನಡುವ ಸ್ವಲ್ಪ ವರ್ಷ ಮರತಿದ್ವಿ. ಅದನ್ನ ಮುಂದ ಹೇಳ್ತೇನಿ.

ಕೊಪ್ಪೀಕರ ರೋಡಿನ ಒಂದ ಅಂಗಡಿಗೆ ನಮ್ಮಪ್ಪ, ಕಾಕಾ, ನಾ ಮೂರೂ ಮಂದಿ ಹೋದ್ವಿ. ನಾ ಆವಾಗ ಪಿಯುಸಿ. ಅಂಗಡ್ಯಾಂವಾ ಎರಡ ಥರದ್ದ ತೋರಿಸಿದಾ. ಒಂದು ಸಾದಾ ಕಾಗದದ ಮ್ಯಾಲೆ ಪ್ರಿಂಟ್ ಹೊಡಿಯೋದು. ಇನ್ನೊಂದು ರೋಲಿನ ಕಾಗದದ್ದು. ರೋಲಿಂದು 18 ಸಾವಿರದ ಆಸುಪಾಸು, ಸಾದಾ ಕಾಗದದ್ದು ಅದರ ದುಪ್ಪಟ್ಟಕಿಂತಾ ಹೆಚ್ಚು. ನಮ್ಮಪ್ಪ ಇದ್ದ ರೊಕ್ಕಾ ಎಣಿಸಿಕೊಂಡ ಬಂದಿದ್ದಕ್ಕ ದೊಡ್ಡದರ ಕಡೆ ತಿರಗಿ ಸಹಿತ ನೋಡ್ಲಿಲ್ಲಾ.

ಆದ್ರ ಕಾಕಾ ಅಂವನ್ನ ಕೂಡಿಸಿ ಎರಡರ ಹಕೀಕತ್ತೂ ಬಿಡಿಸಿ ಹೇಳಿದಾ. ರೋಲಿನ ಮಶೀನದಾಗ ಶಾಯಿನ ಇರಂಗಿಲ್ಲಾ. ಕಾಗದಕ್ಕನ ಒಂದ ರಾಸಾಯನಿಕದ ಲೇಪ ಹಚ್ಚಿರ್ತಾರ. ಮಶೀನದ ತಲ್ಯಾಗ ಒಂದ ಸಾಲಿನಾಗ ಸಾವಿರಗಟ್ಟಲೆ ಸಣ್ಣ ಸಣ್ಣ ಬಿಸಿ ಆಗೋ ಚುಕ್ಕಿ ಇರ್ತಾವ, ಎಲ್ಲೆ ಬಿಸಿ ತಾಕ್ತದೋ ಅಲ್ಲೆ ಕಾಗದ ಕಪ್ಪ ಆಗ್ತದ. ಬೇಕಂದ್ರ ಉಗರಲೆ ಜೋರ ಗೀರಿ ನೋಡ್ರಿ, ಆ ಘರ್ಷಣೆ ಬಿಸಿಗೂ ಗೀರ ಮೂಡ್ತದ. ಶಾಯಿ ಖರ್ಚಿಲ್ಲಾ, ಕೆಡೋ ಭಾಗ ಕಡಿಮಿ, ಹಿಂಗಾಗಿ ಸೋವಿ. ಆದ್ರ ಎರಡ ದೋಷ: ಕಾಗದ ಸುರಳಿ ಸುತ್ತಕೋತದ, ಮತ್ತ ಅಕ್ಷರಾ ಬಹಳ ವರ್ಷ ನಿಲ್ಲಂಗಿಲ್ಲಾ. ಬಿಸಲಿಗೆ, ಎಣ್ಣಿಗೆ, ಪ್ಲಾಸ್ಟಿಕ್ ಕವರಿಗೆ ತಾಕಿ ಇಟ್ರ ಇನ್ನೂ ಲಗೂ ಮಾಸ್ತದ. “ಅಣ್ಣಾ, ಬಂದದ್ದ ಪ್ರತಿಯೊಂದೂ ಮದಲ ಝರಾಕ್ಸ್ ಮಾಡಿಸಿ ಇಟ್ಕೋಬೇಕ ನೋಡು” ಅಂದಾ. ನಮ್ಮಪ್ಪ “ಗಿರಾಕಿಗೆ ಹೇಳ್ತೇನಿ ತಗೋ, ಝರಾಕ್ಸಿನ ರೊಕ್ಕಾನೂ ಬರ್ತದ” ಅಂತ ನಕ್ಕಾ.

ಇನ್ನ ನಮ್ಮಪ್ಪನ ಪರೀಕ್ಷಾ ಶುರು ಆತು. ಅಂಗಡ್ಯಾಂವಾ ಇಂಗ್ಲಿಷ್‌ನಾಗ ಟೈಪ್ ಮಾಡಿದ ಒಂದ ನಮೂನೆ ಕಾಗದ ಹಾಕಿ ಕಾಪಿ ತಗದ ತೋರಿಸಿದಾ, ಮುತ್ತಿನಂಗ ಬಂತು. ನಮ್ಮಪ್ಪ “ಅದ ಬ್ಯಾಡ್ರಿ, ಒಂದ ಹಾಳಿ ಕೊಡ್ರಿ” ಅಂತ ಇಸ್ಗೊಂಡು, ಬಾಲ್ ಪೆನ್ನಿಲೆ ಸಣ್ಣ ಅಕ್ಷರದಾಗ ಕನ್ನಡದಾಗ ಬರದಾ. ಎಂಥಾ ಕನ್ನಡ? ಬರೇ ಒತ್ತಕ್ಷರದ್ದು. ಜ್ಯೇಷ್ಠ, ಕೃಷ್ಣಪಕ್ಷ, ಸ್ವಾತಿ ನಕ್ಷತ್ರ, ವಿಶ್ವಾಮಿತ್ರ ಗೋತ್ರ. ಅಂಗಡ್ಯಾಂವಾ ಹಾಕಿದಾ. ಹೊರಗ ಬಂದ ಕಾಗದದಾಗ ಮ್ಯಾಲಿನ ಅಕ್ಷರಾ ಛಲೋ ಇದ್ವು, ಕೆಳಗಿನ ಒತ್ತ ಎಲ್ಲಾ ಕಲಸಿ ಕರೀ ಎಳ್ಳ ಉದರಿಸಿದಂಗ ಆಗಿದ್ವು. ನಮ್ಮಪ್ಪ “ಕುಂಡಲ್ಯಾಗ ಹಿಂಗ ಬಂದ್ರ ಹುಡುಗೀ ಗೋತ್ರ ಬದಲಾಗಿ ಹೋಗ್ತದರೀ” ಅಂದಾ. ಕಾಕಾ ನಕ್ಕೋತ “ಫೈನ್” ಅನ್ನೋ ಗುಂಡಿ ಒತ್ತಿಸಿ ಮತ್ತೊಮ್ಮೆ ಹಾಕಿಸಿದಾ. ಈ ಸಲಾ ಒತ್ತೂ ಬಂದ್ವು, ವಟ್ರಸುಳಿನೂ ಬಂತು.

ಅದ ಯಾಕ ಹಂಗ ಅನ್ನೋದು ನನಗ ಮುಂದ ಓದಿದ ಮ್ಯಾಲೆ ತಿಳೀತು. ಫ್ಯಾಕ್ಸ್ ಮಶೀನ ಕಾಗದಾನ ಸಾಲ ಸಾಲ ಓದ್ತದ, ನಾವ ಹೊಲದಾಗ ಸಾಲ ಹೊಡದಂಗ. ಒಂದ ಸಾಲಿನಾಗ 1728 ಚುಕ್ಕಿ. ಸಾದಾ ಮೋಡಿನಾಗ ಒಂದ ಮಿಲಿಮೀಟರ್ ಎತ್ತರಕ್ಕ ನಾಕ ಸಾಲ ಸಹಿತ ಪೂರ್ತಿ ಬೀಳಂಗಿಲ್ಲಾ, 3.85 ಅಷ್ಟ. ಇಂಗ್ಲಿಷ್ ಅಕ್ಷರಕ್ಕ ಅಷ್ಟ ಸಾಕು. ನಮ್ಮ ಅಕ್ಷರಾ ಒಂದ ಮ್ಯಾಲೆ ಒಂದ ಕೂತಿರ್ತಾವ, ಕೆಳಗಿನ ಒತ್ತಿಗೆ ಎರಡ ಮೂರ ಸಾಲ ಬಿದ್ರ ಪುಣ್ಯ. ಫೈನ್ ಮೋಡಿನಾಗ ಸಾಲ ದುಪ್ಪಟ್ಟ, 7.7. ಆದ್ರ ಸಾಲ ದುಪ್ಪಟ್ಟ ಆದ್ರ ಕಳಸೋ ವ್ಯಾಳ್ಯಾನೂ ಹೆಚ್ಚ ಆಗ್ತದ, ವ್ಯಾಳ್ಯಾ ಹೆಚ್ಚ ಆದ್ರ ಮೀಟರೂ ಹೆಚ್ಚ ಓಡ್ತದ. ಕನ್ನಡಕ್ಕ ಇಂಗ್ಲಿಷ್‌ಕಿಂತಾ ಹೆಚ್ಚ ರೊಕ್ಕಾ! ಹಿಂಗಾಗಿ ನಮ್ಮಪ್ಪ ಕುಂಡಲಿ ತಂದವರಿಗೆ “ದೊಡ್ಡ ಅಕ್ಷರದಾಗ ಬಿಡಿಸಿ ಬರಕೊಂಡ ಬರ್ರಿ, ಚಾರ್ಜ್ ಉಳೀತದ” ಅಂತ ತಿರುಗಿ ಕಳಿಸಿದ್ದೂ ಉಂಟು.

ಹಂಗ ನೋಡಿದ್ರ ಒಂದ ಪಾನಿನಾಗ ಸಾದಾ ಮೋಡಿನಾಗೂ ಹತ್ತಹತ್ರ 20 ಲಕ್ಷ ಚುಕ್ಕಿ ಆಗ್ತಾವ. ಆವಾಗಿನ ಸಾದಾ ಮಶೀನ ಸೆಕೆಂಡಿಗೆ 9600 ಬಿಟ್ ಕಳಸ್ತಿತ್ತು. ಒಂದೊಂದ ಚುಕ್ಕಿ ಎಣಿಸಿ ಕಳಿಸಿದ್ರ ಮೂರುವರಿ ನಿಮಿಷ ಬೇಕು. ಆದ್ರ ಮಶೀನ ಶ್ಯಾಣ್ಯಾ. “ಬಿಳೆ, ಬಿಳೆ, ಬಿಳೆ” ಅಂತ ಸಾವಿರ ಸಲಾ ಒದರೂದಿಲ್ಲಾ, “ಬಿಳೆ ಸಾವಿರ, ಕರೆ ಎಂಟು, ಮತ್ತ ಬಿಳೆ ಇನ್ನೂರು” ಅಂತ ಲೆಕ್ಕಾ ಹೇಳಿ ಮುಗಸ್ತದ. ನಮ್ಮವ್ವ ಕಿರಾಣಿ ಅಂಗಡ್ಯಾಗ ಸಾಮಾನ ಯಾದಿ ಹೇಳಿದಂಗ. ಅದಕ್ಕ ಬರೀ ಕಾಗದ ಹಾಕಿದ್ರ ಸರ್ರ ಅಂತ ಹೋಗ್ತಿತ್ತು, ತುಂಬ ಬರದದ್ದ ಹಾಕಿದ್ರ ಉಸಿರ ಬಿಟ್ಟಕೋತ ಹೋಗ್ತಿತ್ತು.

ಕಾಕಾ ಇನ್ನೂ ನಾಕ ಪ್ರಶ್ನೆ ಕೇಳಿದ್ದ ನನಗ ನೆನಪದ. ಕಾಗದ ತಾನ ಕತ್ತರಿಸ್ತದೋ ಇಲ್ಲಾ ಕೈಲೆ ಹರಕೋಬೇಕೋ? ಒಮ್ಮೆ ಎಷ್ಟ ಹಾಳಿ ಇಟ್ರ ಒಂದೊಂದ ಎಳಕೋತದ? ರೋಲ್ ಹುಬ್ಬಳ್ಳ್ಯಾಗ ಸಿಗ್ತದೋ, ಬೆಂಗಳೂರಿಂದ ತರಸಬೇಕೋ? ಕೆಟ್ರ ಇಲ್ಲೇ ರಿಪೇರಿ ಮಾಡಾವ್ರ ಯಾರರ ಇದ್ದಾರೋ? ಮಳಿಗಾಲದಾಗ ಸಿಡಲ ಬಡದ್ರ ಲೈಟಿನ ವಾಯರ್ ಅಷ್ಟ ಅಲ್ಲಾ, ಫೋನಿನ ವಾಯರೂ ತಗದ ಇಡಬೇಕು ಅಂತನೂ ಅಂವನ ಹೇಳಿದಾ. ತಾನ ಕತ್ತರಿಸೋದಕ್ಕ ಹೆಚ್ಚಿಗಿ ರೊಕ್ಕಾ ಅಂದ ಕೂಡ್ಲೆ ನಮ್ಮಪ್ಪ “ಕತ್ತರಿ ಮನ್ಯಾಗ ಅದ” ಅಂದಾ. ಕಡೀಕ ಬಂದದ್ದು ಎಲ್ಲಾದರಕಿಂತಾ ಸಾದಾ ಮಶೀನ: ಕೈಲೆ ಹರಿಯೋದು, ರೋಲಿಂದು, ಫೋನ್ ಸಹಿತ ಅದರಾಗ ಇದ್ದದ್ದು.

ಮನಿಗೆ ತಂದ ಮ್ಯಾಲೆ ಅವ್ವ ಅದಕ್ಕ ಕುಂಕುಮ ಹಚ್ಚಿದ್ಲು. ಮದಲನೇ ಫ್ಯಾಕ್ಸ್ ಯಾವದ್ದು ಗೊತ್ತೇನ್ರಿ? ಸೋಮವಾರ ಕಾಕಾ ಪುಣಾ ಮುಟ್ಟಿ ಅಲ್ಲಿಂದ ಕಳಿಸಿದ್ದು. ಕೂಂ ಅಂತ ಕೂಗಿ, ಕಿರ್ರ ಕಿರ್ರ ಅಂದು, ಬಿಸಿ ಬಿಸಿ ಕಾಗದ ಹೊರಗ ಬಂತು. ಅಜ್ಜ ಅದನ್ನ ಕೈಯಾಗ ಹಿಡದು “ಇದು ಸಣ್ಣಾಂವಂದ ಅಕ್ಷರಾ ನೋಡ, ‘ತ’ ಅಂವಾ ಹಿಂಗ ಬರಿಯೋದು” ಅಂತ ಬೆರಳಿಲೆ ಮುಟ್ಟಿ ಮುಟ್ಟಿ ನೋಡಿದಾ. ಅಲ್ಲಿ ತನಕಾ ನಮ್ಮ ಮನಿಗೆ ವಾಯರಿನಾಗ ಬಂದದ್ದು ತಾರ ಅಷ್ಟ, ಅದೂ ಇಂಗ್ಲಿಷ್ ಅಕ್ಷರದಾಗ. ತಾರ ಬಂತಂದ್ರ ಓದಲಿಕ್ಕೆ ಮಾಸ್ತರನ್ನ ಕರೀಬೇಕು, ಅಂವಾ ಓದೋಕಿಂತ ಮದಲ ಹೆಣ್ಮಕ್ಕಳು ಅಳಬೇಕು. ಮಗನ ಕೈಬರಹ, ಅದೂ ಕನ್ನಡದಾಗ, ಪುಣಾದಿಂದ ಒಂದ ನಿಮಿಷದಾಗ ಬಂದದ್ದ ಅಜ್ಜ ಅವತ್ತ ನೋಡಿದ್ದು. ಜಪಾನದಾಗ ಫ್ಯಾಕ್ಸ್ ಅಷ್ಟ ಜೋರ ಹಬ್ಬಿದ್ದಕ್ಕೂ ಇದ ಒಂದ ದೊಡ್ಡ ಕಾರಣ. ಅವರದ್ದು ಸಾವಿರಾರು ಅಕ್ಷರದ ಲಿಪಿ, ಅದನ್ನ ಟೆಲೆಕ್ಸಿನ ಕೀಲಿಮಣಿ ಮ್ಯಾಲೆ ಹೆಂಗ ಕೂಡಸ್ತೀರಿ? ಕೈಲೆ ಬರದು ಹಂಗ ಕಳಸೋ ಮಶೀನ ಅವರಿಗೆ ದೇವರು ಬಂದಂಗ ಬಂತು.

ಈ ಮಶೀನದ ವಯಸ್ಸ ಕೇಳಿದ್ರ ನೀವ ನಂಬಂಗಿಲ್ಲಾ. ನಾವೆಲ್ಲಾ ಫೋನ್ ಮದಲ, ಫ್ಯಾಕ್ಸ್ ಆಮ್ಯಾಲೆ ಅಂತ ತಿಳಕೊಂಡಿರ್ತೇವಿ. ಖರೇ ಅಂದ್ರ ಫ್ಯಾಕ್ಸ್ ಫೋನಿಗಿಂತ 33 ವರ್ಷ ದೊಡ್ಡದು. ಅಲೆಕ್ಸಾಂಡರ್ ಬೇನ್ ಅಂತ ಸ್ಕಾಟ್ಲೆಂಡಿನ ಒಬ್ಬ ಗಡಿಯಾರ ಮಾಡಾಂವಾ 1843ರಾಗ ಇದಕ್ಕ ಪೇಟೆಂಟ್ ತಗೊಂಡಾ. ಬೆಲ್ ಸಾಹೇಬಗ ಫೋನಿನ ಪೇಟೆಂಟ್ ಸಿಕ್ಕಿದ್ದು 1876ರಾಗ. ಗಡಿಯಾರದಂವನ ಯಾಕ ಮಾಡಿದಾ ಅಂದ್ರ, ಈ ಕಡಿ ಲೋಲಕ, ಆ ಕಡಿ ಲೋಲಕ ಎರಡೂ ಒಂದ ತಾಳಕ್ಕ ತೂಗಿದ್ರ ಅಷ್ಟ ಚಿತ್ರ ಸರಿ ಮೂಡ್ತದ, ಇಲ್ಲಾಂದ್ರ ಸೊಟ್ಟ. ಅದ ಗಡಿಯಾರದಂವನ ವಿದ್ಯಾ.

ಮುಂದ ಇಟಲಿಯ ಒಬ್ಬ ಪಾದ್ರಿ, ಜಿಯೊವಾನಿ ಕಸೆಲ್ಲಿ ಅಂತ, ‘ಪ್ಯಾನ್‌ಟೆಲಿಗ್ರಾಫ್’ ಅನ್ನೋ ಆಳೆತ್ತರಕಿಂತಾ ದೊಡ್ಡ ಕಬ್ಬಿಣದ ಮಶೀನ ಮಾಡಿದಾ. ಫ್ರಾನ್ಸಿನ ಮೂರನೇ ನೆಪೋಲಿಯನ್ ಅದನ್ನ ನೋಡಿ ಖುಷ್ ಆಗಿ ಬೆನ್ನ ತಟ್ಟಿದಾ. 1865ರಾಗ ಪ್ಯಾರಿಸ್–ಲಿಯೋಂ ನಡುವ ರೊಕ್ಕಾ ಕೊಟ್ಟ ಯಾರ ಬೇಕಾದ್ರೂ ಕೈಬರಹ ಕಳಸೋ ಸೇವಾ ಶುರು ಆತು. ಜನಾ ಅದನ್ನ ಹೆಚ್ಚಾಗಿ ಯಾತಕ್ಕ ಬಳಸಿದ್ರು ಅಂದ್ರ, ಬ್ಯಾಂಕಿನ ವ್ಯವಹಾರಕ್ಕ ಸಹಿ ತಾಳೆ ನೋಡ್ಲಿಕ್ಕೆ! ಅಂದ್ರ ಸುರುವಿನಿಂದನೂ ಈ ಮಶೀನದ ಕೆಲಸಾ ಒಂದ: “ಇದು ಅಂವನ ಕೈಯಿಂದನ” ಅಂತ ದೂರ ಇದ್ದವರಿಗೆ ನಂಬಿಕಿ ಕೊಡೋದು. 1870ರ ಯುದ್ಧದಾಗ ಆ ಸೇವಾ ನಿಂತು ಹೋತು.

ಆಮ್ಯಾಲೆ ಅದು ಪೇಪರನವರ ಆಫೀಸು ಸೇರಿ ಫೋಟೋ ಕಳಸೋ ಮಶೀನ ಆತು. 1966ರಾಗ ಝೆರಾಕ್ಸ್ ಕಂಪನಿ ‘ಮ್ಯಾಗ್ನಾಫ್ಯಾಕ್ಸ್ ಟೆಲಿಕಾಪಿಯರ್’ ಅಂತ ತಗೀತು. ತೂಕ 21 ಕಿಲೋ, ಸಾದಾ ಫೋನಿಗೆ ಹೊಂದಸಬಹುದಿತ್ತು, ಒಂದ ಕಾಗದಕ್ಕ ಆರ ನಿಮಿಷ. ಆವಾಗ ಒಂದ ಕಂಪನಿ ಮಶೀನ ಇನ್ನೊಂದರ ಭಾಷಾ ತಿಳೀತಿದ್ದಿಲ್ಲಾ. 1980ರಾಗ ‘ಗ್ರೂಪ್ 3’ ಅನ್ನೋ ಜಾಗತಿಕ ನಿಯಮಾ ಬಂತು, ಆವಾಗಿಂದ ಯಾವ ಕಂಪನಿದ ಇರ್ಲಿ, ಯಾವ ದೇಶದ್ದ ಇರ್ಲಿ, ಮದಲ ಕೂಂ ಅಂತ ಕೂಗಿ ಒಂದಕ್ಕೊಂದ ಪರಿಚಯ ಮಾಡಕೊಂಡು, ಎಷ್ಟ ಜೋರ ಓಡೋಣು ಅಂತ ಮಾತಾಡಕೊಂಡು, ಒಂದ ನಿಮಿಷದೊಳಗ ಕಾಗದ ಮುಟ್ಟಸಲಿಕ್ಕೆ ಹತ್ತಿದ್ವು. ಕೊಪ್ಪೀಕರ ರೋಡಿನಾಗ ನಾವ ತಗೊಂಡದ್ದೂ ಅದ ಜಾತಿದ.

ನಮ್ಮ ಬೂತ್ ಮುಂದಿನ ಎರಡ ವರ್ಷ ಛಲೋ ನಡೀತು. ರಾತ್ರಿ 11ರ ಮ್ಯಾಲೆ ಎಸ್.ಟಿ.ಡಿ. ಪಾವ ಚಾರ್ಜ್ ಇರ್ತಿತ್ತು, ಹಿಂಗಾಗಿ ಮಂದಿ ಸಂಜೀಗೆ ಕಾಗದ ಕೊಟ್ಟ ಹೋಗ್ತಿದ್ರು, ನಮ್ಮಪ್ಪ ಊಟಾ ಮಾಡಿ ಬಂದ ಕೂತ ಒಂದೊಂದ ಕಳಸ್ತಿದ್ದಾ. ಬಂದ ಕಾಗದ ಕೊಡೋವಾಗ ಪ್ರತಿಯೊಬ್ಬರಿಗೂ “ಝರಾಕ್ಸ್ ಮಾಡಸ್ರಿ, ಇದು ಅಳಸ್ತದ” ಅಂತ ಹೇಳ್ತಿದ್ದಾ. ಅವ್ವನ ಪಾಟ್ಲಿ ತಿರುಗಿ ಕೈಗೆ ಬಂದ್ವು.

1998ರಾಗ ಅಜ್ಜ ತೀರಕೊಂಡಾ. ಕಾಕಾ ಬಂದಾ, ಹದಿಮೂರನೇ ದಿನದ್ದ ಮುಗಿಸಿಕೊಂಡ ಪುಣಾಕ್ಕ ತಿರುಗಿ ಹೋದಾ. ಹೋದ ಮರುದಿನಾ ರಾತ್ರಿ ಹನ್ನೊಂದರ ಮ್ಯಾಲೆ ಬೂತಿಗೆ ಫೋನ್ ಬಂತು. “ಅಣ್ಣಾ, ಮಶೀನಕ್ಕ ಕಾಗದ ಹಾಕಿ ಇಡು, ಒಂದ ಕಳಸ್ತೇನಿ.” ಬಂತು. ಒಂದ ಪಾನು, ಕಾಕಾನ ಅಕ್ಷರಾ. ಊರ ಮನಿ ಅಣ್ಣಂದು, ಅಪ್ಪನ್ನ ಇಷ್ಟ ವರ್ಷ ಅಣ್ಣ, ವೈನಿ ನೋಡಿಕೊಂಡಾರ, ನನಗ ಆ ಮನ್ಯಾಗ ಪಾಲ ಬ್ಯಾಡಾ, ಇದನ್ನ ನಾ ಸ್ವಖುಷಿಲೆ ಬರದೇನಿ ಅಂತ. ಕೆಳಗ ಸಹಿ. ನಮ್ಮಪ್ಪ ಓದಿ ಸುಮ್ಮನ ಕೂತಾ. ಆಮ್ಯಾಲೆ ಫೋನ್ ಹಚ್ಚಿ “ಯಾಕ ಮಾರಾಯಾ ಇಷ್ಟ ಗಡಿಬಿಡಿ” ಅಂದ್ರ ಕಾಕಾ “ಮನಸ್ಸ ಬದಲಾಗೋಕಿಂತ ಮದಲ ಕಳಿಸಿದೆ” ಅಂತ ನಕ್ಕಾ. ಅಸಲ ಕಾಗದ ಪೋಸ್ಟಿಗೆ ಹಾಕ್ತೇನಿ ಅಂದಾ. “ಬ್ಯಾಡ ಬಿಡು, ಸ್ವಚ್ಛ ಬಂದದ” ಅಂದಾ ನಮ್ಮಪ್ಪ.

ಮರುದಿನಾ ನಾನ ಹೇಳಿದೆ, “ಅಪ್ಪಾ, ಝರಾಕ್ಸ್ ಮಾಡಿಸಿಕೊಂಡ ಬರ್ತೇನಿ ಕೊಡು.” ಅಂವಾ “ತಮ್ಮನ ಮಾತಿಗೆ ಝರಾಕ್ಸ್ ಯಾಕ?” ಅಂದಾ. ಊರೆಲ್ಲಾ ಮಂದಿಗೆ ಹೇಳಾಂವಾ, ತಂದ ಮಾತ್ರ ಹೊಸಾ ಪ್ಲಾಸ್ಟಿಕ್ ಕವರ್ ತಂದು, ಅದರಾಗ ನೀಟಾಗಿ ಹಾಕಿ ತಿಜೋರ್ಯಾಗ ಇಟ್ಟಾ. ಅದಕ್ಕ ಭಾಳ ಮರ್ಯಾದಿ ಕೊಟ್ಟಿದ್ದು ಅಂವಾ, ಅದನ್ನ ಅಲ್ಲಗಳಿಯಂಗಿಲ್ಲಾ.

2004ರಾಗ ನನ್ನ ಲಗ್ನದಾಗ ಇಬ್ಬರದೂ ಮಾತಿಗೆ ಮಾತ ಬೆಳೀತು. ದೊಡ್ಡ ಕಾರಣ ಅಲ್ಲಾ, ಅಡಗಿಯವರಿಗೆ ರೊಕ್ಕಾ ಕೊಡೋ ವಿಷಯ. ಕಾಕಾ ಏನೋ ಸಲಹಾ ಹೇಳ್ಲಿಕ್ಕೆ ಹೋದಾಗ ನಮ್ಮಪ್ಪ ನಾಕ ಮಂದಿ ಮುಂದ “ನಿನಗೇನ ಗೊತ್ತದ ಇಲ್ಲಿದು, ನೀ ಪುಣಾದಾಂವಾ. ಇಲ್ಲೀ ಖರ್ಚು ಎಂದ ನೋಡೀದಿ?” ಅಂದಬಿಟ್ಟಾ. ಐದ ಸಾವಿರ ಕೊಟ್ಟಾಂವಗ! ಕಾಕಾ ಊಟಾ ಮಾಡಿ, ನನಗ ಆಶೀರ್ವಾದ ಮಾಡಿ ಹೋದಾ. ಆಮ್ಯಾಲೆ ಐದ ವರ್ಷ ಇಬ್ಬರ ನಡುವ ಫೋನ್ ಇಲ್ಲಾ, ಕಾಗದ ಇಲ್ಲಾ, ಫ್ಯಾಕ್ಸೂ ಇಲ್ಲಾ. ಅಷ್ಟರಾಗ ಮಂದಿ ಕೈಯಾಗ ಮೊಬೈಲ್ ಬಂದು ಬೂತೂ ಮುಚ್ಚಿತ್ತು, ಮಶೀನ ಅಟ್ಟಾ ಸೇರಿತ್ತು.

2009ರ ಸೆಪ್ಟೆಂಬರ್ ಕಡೀಕ, ಅಕ್ಟೋಬರ್ ಸುರುವಿಗೆ ನಮ್ಮ ಉತ್ತರ ಕರ್ನಾಟಕಕ್ಕ ಬಿದ್ದ ಮಳಿ ನಿಮಗ ನೆನಪಿರ್ಬೇಕು. ಎಷ್ಟೋ ಊರ ಮುಳಗಿದ್ವು. ನಮ್ಮ ಊರ ಮನಿ ಹಿಂದಿನ ಗ್ವಾಡಿ ಪೂರ್ತಿ ಕುಸೀತು. ಕಟ್ಟಸಲಿಕ್ಕೆ ಸಾಲ ತಗೀಬೇಕು, ಸಾಲಕ್ಕ ಕಾಗದ ಬೇಕು, ಖಾತೆ ಇನ್ನೂ ಅಜ್ಜನ ಹೆಸರಿಲೇನ ಇತ್ತು. ವಕೀಲರು “ತಮ್ಮಂದ ಒಪ್ಪಿಗಿ ಏನರ ಅದ ಏನ್ರೀ?” ಅಂದ್ರು. ನಮ್ಮಪ್ಪ ಎದಿ ಉಬ್ಬಿಸಿ “ಅದರೀ, ಬರದ ಕೊಟ್ಟಾನ” ಅಂತ ತಿಜೋರಿ ತಗದು ಕವರ್ ಹೊರಗ ತಂದಾ.

ಕಾಗದ ಬೆಳ್ಳಗಿತ್ತು. ಪೂರ್ತಿ ಬೆಳ್ಳಗನೂ ಅಲ್ಲಾ, ಅಲ್ಲಲ್ಲೆ ಬೂದಿ ಬಣ್ಣದ ನೆರಳ, ಮ್ಯಾಲಿನ ತುದ್ಯಾಗ ತಾರೀಖಿನ ಎರಡ ಅಂಕಿ ಕಂಡೂ ಕಾಣದಂಗ. ನಮ್ಮಪ್ಪ ಕಿಟಕಿ ಕಡೆ ಹಿಡದಾ, ದೀಪದ ಕೆಳಗ ಹಿಡದಾ, ಚಸ್ಮಾ ತಗದ ಒರಿಸಿ ಮತ್ತ ಹಾಕ್ಕೊಂಡಾ. ಅದನ್ನ ನೋಡಿ ನನಗ ಏನ ಹೇಳಬೇಕ ತಿಳೀಲಿಲ್ಲಾ. “ಹನ್ನೊಂದ ವರ್ಷ ಮಂದಿಗೆ ಹೇಳಿಕೋತ ಬಂದೆ” ಅಂತ ಅಷ್ಟ ಅಂದಾ. ವಕೀಲರು ಇನ್ನೊಂದ ಮಾತ ಹೇಳಿದ್ರು: ಅಕ್ಷರಾ ಉಳದಿದ್ರೂ ಇದು ಸಾಕಾಗ್ತಿದ್ದಿಲ್ಲಾ. 100 ರೂಪಾಯಿ ಮತ್ತ ಅದಕ್ಕ ಮ್ಯಾಲಿನ ಬೆಲಿಯ ಮನಿ, ಹೊಲದ ಮ್ಯಾಲಿನ ಹಕ್ಕ ಬಿಟ್ಟುಕೊಡೋ ಪತ್ರ ನೋಂದಣಿ ಆಗಬೇಕು, ಅದು 1908ರ ನೋಂದಣಿ ಕಾಯ್ದೆ. ಅಂದ್ರ ತಮ್ಮ ಖುದ್ದ ಬಂದು ಸಬ್ ರಜಿಸ್ಟ್ರಾರ್ ಮುಂದ ಸಹಿ ಮಾಡಬೇಕು. ಯಾವ ತಮ್ಮ? ಐದ ವರ್ಷ ಮಾತ ಬಿಟ್ಟ ತಮ್ಮ.

ನಮ್ಮಪ್ಪ “ನಾ ಕೇಳಂಗಿಲ್ಲಾ. ಮನಿ ಬಿದ್ರ ಬೀಳಲಿ” ಅಂದಾ. ಅವ್ವ ಮಧ್ಯಾಹ್ನ ಅಂವಾ ಮಲಕೊಂಡಾಗ ನನ್ನ ಮೊಬೈಲ್ ಇಸ್ಗೊಂಡು ಪುಣಾಕ್ಕ ಹಚ್ಚಿದ್ಲು. ಪಾಲಿನ ಮಾತ ತಗೀಲಿಲ್ಲಾ, ಸಹಿದೂ ತಗೀಲಿಲ್ಲಾ. “ಊರ ಮನಿ ಗ್ವಾಡಿ ಬಿದ್ದದ, ನಿಮ್ಮಣ್ಣ ಊಟಾ ಸರಿ ಮಾಡವಲ್ಲಾ. ಒಂದ ಸಲಾ ಬಂದ ಹೋಗ್ರಿ” ಅಂತ ಅಷ್ಟ.

ಶನಿವಾರ ರಾತ್ರಿ ಬಸ್ಸಿಗೆ ಕಾಕಾ ಬಂದಾ, 1996ರಾಗ ಬಂದಂಗನ. ಚಾ ಕುಡದಾ. ನಮ್ಮಪ್ಪ ಖಾಲಿ ಕಾಗದ ಮುಂದ ಇಟ್ಟಾ, ಮಾತ ಹೊರಡ್ಲಿಲ್ಲಾ. ಕಾಕಾ ಅದನ್ನ ನೋಡಿ, ಪ್ಲಾಸ್ಟಿಕ್ ಕವರ್ ನೋಡಿ, “ಇದರಾಗ ಹಾಕಿದ್ಯಾ?” ಅಂತ ತಲಿ ಹಿಡಕೊಂಡಾ. ಆಮ್ಯಾಲೆ ತನ್ನ ಬ್ಯಾಗ್ ತಗದು, ಒಂದ ಹಳೇ ಡೈರಿ ಒಳಗಿಂದ ನಾಕ ಮಡಿಕಿ ಮಾಡಿದ್ದ ಒಂದ ಹಾಳಿ ಹೊರಗ ತಗದಾ. ಶಾಯಿ ಪೆನ್ನಿಲೆ ಬರದ ಅಸಲ ಕಾಗದ. ನೀಲಿ ಅಕ್ಷರಾ ನಿನ್ನೆ ಬರದಂಗ ಇದ್ವು.

“ಅಣ್ಣಾ, ಫ್ಯಾಕ್ಸ್ ಮಾಡಿದ್ರ ಕಾಗದ ಎಲ್ಲಿ ಹೋಗ್ತದ? ನನ್ನ ಕಡೇನ ಉಳೀತದಲಾ” ಅಂದಾ.

ಅದನ್ನ ನಾವ ಯಾರೂ ವಿಚಾರನ ಮಾಡಿರ್ಲಿಲ್ಲಾ. ಅಂಚಿ ಕಾಗದ ಆದ್ರ ಕೊಟ್ಟ ಮ್ಯಾಲೆ ನಮ್ಮ ಕೈಯಾಗ ಉಳಿಯಂಗಿಲ್ಲಾ. ಫ್ಯಾಕ್ಸಿನಾಗ ಮಾತ್ರ ಕಳಿಸಿದವರ ಕಡೇನ ಅಸಲ ಇರ್ತದ, ನಮಗ ಬರೋದು ಅದರ ನಕಲ. ಆ ಶಬ್ದದ ಅರ್ಥನ ಅದು; ಲ್ಯಾಟಿನ್‌ನಾಗ ‘ಫಾಕ್ ಸಿಮಿಲೆ’ ಅಂದ್ರ ‘ಹಂಗ ಇನ್ನೊಂದ ಮಾಡು’ ಅಂತ. ಐದ ವರ್ಷ ಸಿಟ್ಟಿನಾಗ ಇದ್ದಾಗ ಆ ಕಾಗದ ಹರದ ಒಗೀಲಿಕ್ಕೆ ಕಾಕಾಗ ಒಂದ ನಿಮಿಷ ಸಹಿತ ಬೇಕಾಗ್ತಿದ್ದಿಲ್ಲಾ, ಕೇಳೋರೂ ಯಾರೂ ಇದ್ದಿಲ್ಲಾ. ಅಂವಾ ಹರದಿದ್ದಿಲ್ಲಾ. ಸೋಮವಾರ ಇಬ್ಬರೂ ಕೂಡಿ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ಮಾಡಿಸಿ ಬಂದ್ರು. ಬರೋವಾಗ ನಮ್ಮಪ್ಪ ತಮ್ಮನ ಕಿಸೇದಾಗ ಐದ ಸಾವಿರ ತುರುಕಲಿಕ್ಕೆ ಹೋಗಿ ಬೈಸಿಕೊಂಡಾ.

ಈಗ ಅಪ್ಪ ಇಲ್ಲಾ. ಕಾಕಾ ಪುಣಾದಿಂದ ದಿನಾ ಮುಂಜಾನೆ ವಾಟ್ಸಾಪಿನಾಗ ಹೂವಿನ ಫೋಟೋ ಕಳಸ್ತಾನ. ತಾರಿಗೆ ಕಡೀ ದಿನಾ ಅಂತರ ಇತ್ತು, 2013ರ ಜುಲೈದಾಗ ಅದನ್ನ ಬಂದ್ ಮಾಡಿದಾಗ ಮಂದಿ ಸಾಲ ಹಚ್ಚಿ ತಾರ ಕಳಿಸಿದ್ರು. ಫ್ಯಾಕ್ಸಿಗೆ ಹಂಗೂ ಇಲ್ಲಾ, ಅದು ಅಲ್ಲಲ್ಲೆ ಇನ್ನೂ ಉಸಿರಾಡ್ತದ. ಇಂಗ್ಲೆಂಡಿನಾಗ ಸರಕಾರಿ ದವಾಖಾನಿಗೆ ಹೊಸಾ ಫ್ಯಾಕ್ಸ್ ಮಶೀನ ಖರೀದಿ ಮಾಡಬಾರದು ಅಂತ ಆದೇಶ ಜಾರಿ ಆಗಿದ್ದು 2019ರ ಜನವರಿಯಾಗ. ಜಪಾನದಾಗ 2021ರಾಗ ಸರಕಾರಿ ಆಫೀಸಿನಾಗಿನ ಫ್ಯಾಕ್ಸ್ ತಗೀತೇವಿ ಅಂದ್ರ ಆಫೀಸಿನವರ ಬ್ಯಾಡಾ ಅಂದ್ರು. ನಮ್ಮ ದೇಶದಾಗ 2018ರ ನವೆಂಬರಿನಾಗ ಜಮ್ಮು-ಕಾಶ್ಮೀರದಾಗ ಮೆಹಬೂಬಾ ಮುಫ್ತಿ ಸರಕಾರ ರಚಸ್ತೇವಿ ಅಂತ ಬರದ ಪತ್ರ ರಾಜಭವನದ ಫ್ಯಾಕ್ಸಿಗೆ ಹೋಗವಲ್ಲದು ಅಂದ್ರು, ಅವತ್ತ ರಾತ್ರಿ ವಿಧಾನಸಭಾ ವಿಸರ್ಜನೆ ಆತು. ಈದ್ ಸೂಟಿ ಇತ್ತು, ಫ್ಯಾಕ್ಸ್ ನೋಡ್ಲಿಕ್ಕೆ ಯಾರೂ ಇದ್ದಿಲ್ಲಾ ಅಂತ ರಾಜ್ಯಪಾಲರು ಆಮ್ಯಾಲೆ ಹೇಳಿದ್ರು. ಅವತ್ತ ಟಿ.ವಿ. ನೋಡಿಕೋತ ನಮ್ಮಪ್ಪ “ನಮ್ಮ ಬೂತಿಗೆ ಕಳಿಸಿದ್ರ ಹನ್ನೊಂದರ ತನಕಾ ನಾ ಇರ್ತಿದ್ದೆ” ಅಂದಿದ್ದಾ.

ನಿಮಗೂ ಒಂದ ಮಾತು. ಫ್ಯಾಕ್ಸ್ ಹೋತು, ಆದ್ರ ಆ ಬಿಸಿಲೆ ಕಪ್ಪ ಆಗೋ ಕಾಗದ ಹೋಗಿಲ್ಲಾ. ಎ.ಟಿ.ಎಂ. ಚೀಟಿ, ಬಸ್ ಟಿಕೀಟು, ಫ್ರಿಜ್ಜಿನ ಗ್ಯಾರಂಟಿ ಬಿಲ್ಲು ಎಷ್ಟೋ ಅದ ಜಾತಿವು. ಉಗರಲೆ ಗೀರಿ ನೋಡ್ರಿ, ಗೀರ ಮೂಡಿದ್ರ ಇವತ್ತ ಝರಾಕ್ಸ್ ಮಾಡಿಸಿ ಇಡ್ರಿ, ಪ್ಲಾಸ್ಟಿಕ್ ಕವರಿನಾಗ ಹಾಕಬ್ಯಾಡ್ರಿ. ಯಾರದರ ಮ್ಯಾಲೆ ಎಷ್ಟ ನಂಬಿಕಿ ಇದ್ರೂ ಮಾಡಸ್ರಿ, ಝರಾಕ್ಸ್ ಅವರ ಮ್ಯಾಲಿನ ಅನುಮಾನಕ್ಕ ಅಲ್ಲಾ, ಕಾಗದದ ಮ್ಯಾಲಿನ ಅನುಮಾನಕ್ಕ.

ಈ ಕಥಿ ಎಲ್ಲಾ ಮಗಗ ಹೇಳಿ ಮುಗಿಸಿ, ಮಶೀನ ಮತ್ತ ಚಾದರದಾಗ ಸುತ್ತಲಿಕ್ಕೆ ಹತ್ತಿದ್ದೆ. ದೇವರ ಮನ್ಯಾಗ ಕೂತ ಬತ್ತಿ ಹೊಸೀಲಿಕ್ಕೆ ಹತ್ತಿದ್ದ ಅವ್ವ ಅಲ್ಲಿಂದನ ಒದರಿದ್ಲು:

“ಯಾಕ ಮತ್ತ ಅಟ್ಟಕ್ಕ ಏರಸ್ತೀ ಅದನ್ನ? ಕೊಟ್ಟ ಕಳಸು ಮೋಡಕಾದಂವಗ. ನನ್ನ ಪಾಟ್ಲಿ ಏನ ಅದರಾಗ ಕೂತಿಲ್ಲಾ, ಕೈಯಾಗ ಅವ.”